ಒಬ್ಬರನ್ನೊಬ್ಬರು ಕೇಳದೆ ಓದುವ ನಿಯಮ

ತೊಂಬತ್ತರ ದಶಕದ ಕೊನೆಯಲ್ಲಿ ಕಾಸರಗೋಡಿನಲ್ಲಿ ನಡೆದ ರಾಷ್ಟ್ರಮಟ್ಟದ ಸಭೆಯೊಂದರಲ್ಲಿ, ಮೊದಲ ವಾಕ್ಯ ತೀರ್ಮಾನವಾಗುವ ಮೊದಲೇ ಚಹಾದ ಜೊತೆಗಿನ ಗೋಳಿಬಜೆ ಮುಗಿದುಹೋಯಿತು. ಪ್ರಾಣಹಾನಿಯಾಗಲಿಲ್ಲ. ಆದರೆ ಇಂಥ ಆಘಾತಗಳು ಆ ಕೆಲಸದುದ್ದಕ್ಕೂ ಆಗುತ್ತಲೇ ಇದ್ದವು.

ಒಂದು ಕಾಯಿಲೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಹಾಕಿ, ಜೊಳ್ಳು ತೂರಿ, ತೀರ್ಮಾನಕ್ಕೆ ಬರುವುದು ಹೇಗೆಂದು ದೇಶಕ್ಕೆಲ್ಲ ಒಂದು ಮಾರ್ಗಸೂಚಿ ಬರೆಯುವುದು ನಮ್ಮ ಕೆಲಸ. ಅದರಲ್ಲಿ ಒಂದು ನಿಯಮ ನನ್ನದು: ಪ್ರತಿ ಅಧ್ಯಯನವನ್ನು ಇಬ್ಬರು ಓದಬೇಕು, ಒಬ್ಬರನ್ನೊಬ್ಬರು ಕೇಳಬಾರದು, ಬರೆದವರ ಹೆಸರು ಮುಚ್ಚಿರಬೇಕು.

ದೆಹಲಿಯಿಂದ ಬಂದಿದ್ದ ಅಧ್ಯಕ್ಷರು, "ನಿಮ್ಮೂರಲ್ಲೇ ಮಾಡಿ ತೋರಿಸಿ. ಆಗದಿದ್ದರೆ ನಿಯಮ ತೆಗೆದುಬಿಡೋಣ" ಎಂದರು.

೧. ಬಸ್ಸಿನಲ್ಲಿ

ಮಕ್ಕಳ ಭೇದಿಗೆ ಗಂಜಿತಿಳಿ ಒಳ್ಳೆಯದೇ ಎಂಬ ವಿಷಯ ಆರಿಸಿದೆವು. ಓದುವವರು ಶಿರಿಯದ ಕೊಂಕಣಿ ಡಾಕ್ಟರು ಮತ್ತು ಅವರ ಹಳೆಯ ಶಿಷ್ಯ, ಪುತ್ತಿಗೆಯ ಲೆಕ್ಚರರು. ಇಬ್ಬರ ಉತ್ತರವೂ ಅಕ್ಷರಶಃ ಒಂದೇ. ಕೊನೆಯ ಪುಟವೇ ಇಲ್ಲದ ಅಧ್ಯಯನದ ಕೊನೆಯ ಪುಟವನ್ನೂ ಇಬ್ಬರೂ ಮೆಚ್ಚಿದ್ದರು.

"ಮಾತಾಡಿಕೊಂಡಿರಾ?" ಎಂದೆ.

"ಮತ್ತೆಂತ ಮಾಡುವುದು?" ಎಂದರು ಡಾಕ್ಟರು. "ಬಸ್ಸಿನಲ್ಲಿ ಒಂದೇ ಸೀಟು. ಸುಮ್ಮನೆ ಕೂತರೆ ಇಬ್ಬರಿಗೂ ಜಗಳ ಅಂತ ಕಂಡಕ್ಟರ್ ಕುಂಬಳೆಯಿಡೀ ಹೇಳ್ತಾನೆ ಮಾರಾಯ."

೨. ಮರ್ಯಾದೆ

ಬೇರೆ ಬಸ್ಸು, ಬೇರೆ ಕೋಣೆ ಮಾಡಿದೆ. ಈಗ ಒಂದು ಉತ್ತರವೂ ಕೂಡಿಬರಲಿಲ್ಲ. ಡಾಕ್ಟರು ಸೇರಿಸಿಕೊಳ್ಳಬೇಕೆಂದ ಅಧ್ಯಯನ ಲೆಕ್ಚರರಿಗೆ ಬೇಡ.

ಅಂಥ ಒಂದು ಅಧ್ಯಯನದ ಬಗ್ಗೆ ಡಾಕ್ಟರನ್ನು ಒಬ್ಬರೇ ಇದ್ದಾಗ ಕೇಳಿದೆ. "ನನಗೆ ಅದು ಹಿಡಿಸಲೇ ಇಲ್ಲ. ಹುಡುಗನಿಗೆ ಹಿಡಿಸೀತು ಅಂತ ಬೇಕು ಅಂದೆ. ಅವನ ಉತ್ಸಾಹ ಕುಂದಬಾರದಲ್ಲ."

ಲೆಕ್ಚರರನ್ನು ಕೇಳಿದೆ. "ನನಗೆ ಹಿಡಿಸಿತ್ತು. ಗುರುಗಳಿಗೆ ಹಿಡಿಸಲಿಕ್ಕಿಲ್ಲ ಅಂತ ಬೇಡ ಅಂದೆ. ಅವರಿಗೆ ಎದುರು ಹೇಳ್ಲಿಕ್ಕುಂಟಾ?"

ಹೀಗೆ ಇಬ್ಬರೂ ಇನ್ನೊಬ್ಬರ ಸ್ವತಂತ್ರ ಅಭಿಪ್ರಾಯವನ್ನು ತಪ್ಪಿಲ್ಲದೆ ಬರೆದಿದ್ದರು.

೩. ಪಂಚಾತಿಕೆ

ಇಬ್ಬರೂ ಒಪ್ಪದಿದ್ದರೆ ಮೂರನೆಯವರು ತೀರ್ಮಾನಿಸಬೇಕು. ಅಗಲ್ಪಾಡಿಯ ನಿವೃತ್ತ ವೈದ್ಯರೊಬ್ಬರನ್ನು ಕರೆಸಿದೆ. ಊರಿನ ಬೇಲಿ ತಕರಾರುಗಳನ್ನು ತೀರಿಸಿ ಪಳಗಿದವರು. ಎರಡೂ ಕಡೆ ಕೇಳಿ, "ಅರ್ಧ ತೆಗೊಳ್ಳಿ" ಎಂದರು.

"ಅರ್ಧ ಅಧ್ಯಯನವೇ?"

"ಹೌದು. ಗಂಜಿ ಕುಡಿದ ಮಕ್ಕಳು ಇವರಿಗೆ, ಕುಡಿಯದ ಮಕ್ಕಳು ಅವರಿಗೆ. ಇನ್ನೆಂತ ತಕರಾರು?"

ಇಬ್ಬರೂ ತಕರಾರಿಲ್ಲವೆಂದು ಕೈ ಮುಗಿದರು.

೪. ಒಮ್ಮತ

ಅಧ್ಯಕ್ಷರು ಮತ್ತೆ ಬರುವ ದಿನ ಹತ್ತಿರವಾಯಿತು. ಉಳಿದದ್ದು ಒಂದೇ ಅಧ್ಯಯನ. ಇನ್ನೊಬ್ಬರನ್ನು ಕೈಬಿಟ್ಟಿದ್ದೇವೆಂದು ಇಬ್ಬರಿಗೂ ಬೇರೆ ಬೇರೆಯಾಗಿ ಸುಳ್ಳು ಹೇಳಿ ಅದನ್ನು ಕೊಟ್ಟೆ. ದಾಕ್ಷಿಣ್ಯವಿಲ್ಲದೆ ಬರೆದರು.

ಸಭೆಯಲ್ಲಿ ಎರಡನ್ನೂ ಗಟ್ಟಿಯಾಗಿ ಓದಿದೆ. ಡಾಕ್ಟರದು: "ಬೇಡ. ಬರೆದವರು ಭೇದಿಯಾದ ಮಗುವನ್ನು ದೂರದಿಂದಲೂ ನೋಡಿಲ್ಲ." ಲೆಕ್ಚರರದು: "ಬೇಡ. ಬರೆದವರು ಮೊದಲು ಅಂಕಿ ಕೂಡಿಸಲು ಕಲಿಯಲಿ."

ಅಧ್ಯಕ್ಷರು ಮೇಜು ತಟ್ಟಿದರು. "ಇದು ಸ್ವತಂತ್ರ ತೀರ್ಪು! ನಿಮ್ಮ ನಿಯಮ ಗೆದ್ದಿತು. ಯಾರದಪ್ಪ ಈ ಕಸ?"

ಹೆಸರಿನ ಮೇಲೆ ಅಂಟಿಸಿದ್ದ ಕಾಗದವನ್ನು ಕಿತ್ತು ಅವರ ಮುಂದಿಟ್ಟೆ. ಅಲ್ಲಿ ಅವರ ಹೆಸರೇ ಇತ್ತು.

ಅಧ್ಯಕ್ಷರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಡಾಕ್ಟರು, "ಗೋಳಿಬಜೆ ಬಂತಾ?" ಎಂದು ಕೇಳಿದರು.

ಮಾರ್ಗಸೂಚಿ ಅಚ್ಚಾಯಿತು. ಇಬ್ಬರು ಓದಬೇಕೆಂದು ಅದರಲ್ಲಿದೆ. ಹೆಸರು ಮುಚ್ಚಬೇಕೆಂದು ಇಲ್ಲ.