ಮಡಿಚದ ಬಟ್ಟೆಯ ಲೆಕ್ಕ

ಅಂದು ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಗಣಿತ ಕೈಕೊಟ್ಟಿತು. ಸಿಂಧನೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಅದನ್ನೇ ಕಲಿಸಿ ಉಣ್ಣುತ್ತಿರುವವನು ನಾನು. ಸೊನ್ನೆಯೊಂದನ್ನು ಬಿಟ್ಟು ಯಾವ ಸಂಖ್ಯೆಗೆ ಸೊನ್ನೆ ಘಾತ ಹಾಕಿದರೂ ಉತ್ತರ ಒಂದು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಯಾಕೆ ಎಂದು ಕೇಳಿದವರಿಗೆ, "ಅದು ನಿಯಮ, ಬರಕೋರಿ" ಎಂದಿದ್ದೇನೆ. ಹೇಳುವವನಿಗೇ ಅದರಲ್ಲಿ ನಂಬಿಕೆ ಇರಲಿಲ್ಲ ಎಂಬುದು ಹೊರಬಿದ್ದದ್ದು ಮಸ್ಕಿಯ ಒಂದು ಟೇಲರಿಂಗ್ ಅಂಗಡಿಯಲ್ಲಿ.

ಅಂಗಡಿಯ ಹುಸೇನ್ ಸಾಬರು ಶಾಲೆಯ ಯೂನಿಫಾರ್ಮ್ ಹೊಲಿಯುವವರು. ಬಟ್ಟೆಯನ್ನು ಮಡಿಚಿ ಮಡಿಚಿ ಒಂದೇ ಸಲಕ್ಕೆ ಎಂಟು ಅಂಗಿ ಕತ್ತರಿಸುತ್ತಾರೆ. ಎಷ್ಟು ಸಲ ಮಡಿಚಬೇಕೆಂದು ಬಟ್ಟೆ ಸುತ್ತಿಟ್ಟ ಪೇಪರಿನ ಮೇಲೆ ಬರೆದಿಡುವುದು ಅವರ ಪದ್ಧತಿ. ನನ್ನ ಹೆಂಡತಿ ಶಾರದಾ, ತನ್ನ ತಾಯಿ ಬಿಟ್ಟುಹೋದ ಒಂದೇ ಒಂದು ರೇಷ್ಮೆ ಸೀರೆಯನ್ನು ಮಗಳಿಗೆ ಲಂಗ ಮಾಡಿಸಲು ಅವರಿಗೆ ಕೊಟ್ಟಿದ್ದಳು. ವಿಚಾರಿಸಲು ನಾನು ಹೋದಾಗ ಸಾಬರು ನಮಾಜಿಗೆ ಹೊರಟಿದ್ದರು. "ಸರ್, ಜರಾ ಕುಂದರ್ರಿ. ಕೌದಿ ಗಂಗವ್ವ ಬರ್ತಾಳ, ಚಿಂದಿ ಗಂಟು ಕೊಟ್ಟು ಕಳಸ್ರಿ" ಎಂದು ಹೋದರು.

ಚಿಂದಿ ಕೂಡಿಸಿ ಕೌದಿ ಹೊಲಿಯುವ ಗುರುಗುಂಟಾ ಊರಿನ ಗಂಗವ್ವ ಬಂದಳು. ಮೂಲೆಯಲ್ಲಿ ಪೇಪರಿನ ಗಂಟುಗಳಿದ್ದವು. ಒಂದರ ಮೇಲೆ ಮೂರು, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಸೊನ್ನೆ. "ಯಾವ್ದು ಒಯ್ಲಿರಿ, ಸರ?" ಎಂದಳು. "ಸೊನ್ನಿ ಅಂದ್ರ ಏನೂ ಇಲ್ಲಂತ. ಅದನ್ನ ಒಯ್ಯವ್ವ" ಎಂದೆ, ಎಂ.ಎಸ್ಸಿ. ಓದಿದ ಗಾಂಭೀರ್ಯದಿಂದ. ಆಕೆ ಗಂಟು ಹೊತ್ತು ಬಸ್ಸಿಗೆ ಹೊರಟಳು.

ಸಾಬರು ಮರಳಿ ಬಂದು ಮೂಲೆ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಚಿಂದಿ ಗಂಟು ಬಾಗಲಾ ಹಿಂದೈತ್ರಿ ಸರ್. ಸೊನ್ನಿದು ನಿಮ್ಮ ಮನಿ ಸೀರಿ. ಹಳೇ ರೇಷ್ಮಿ, ಮಡಚಿದ್ರ ಹರೀತದಂತ ಹಂಗ ಸುತ್ತಿ ಇಟ್ಟಿದ್ದೆ."

"ಮತ್ತ ಸೊನ್ನಿ ಯಾಕ ಬರದ್ರಿ, ಸಾಬ್ರ?"

ಅವರು ಬೈಯಲಿಲ್ಲ. ಒಂದು ಬಟ್ಟೆಯನ್ನು ಮೂರು ಸಲ ಮಡಿಚಿ ನನ್ನ ಕೈಗಿಟ್ಟರು. "ಎಷ್ಟು ಪದರ?" ಎಂಟು. "ಒಂದು ಮಡಿಕಿ ಬಿಚ್ರಿ." ನಾಲ್ಕಾಯಿತು. ಇನ್ನೊಂದು ಬಿಚ್ಚಿದೆ, ಎರಡು. ಕೊನೆಯದನ್ನೂ ಬಿಚ್ಚಿದೆ. "ಈಗ ಮಡಿಕಿ ಎಷ್ಟು?" ಸೊನ್ನೆ. "ಬಟ್ಟಿ?"

ಕೈಯಲ್ಲಿ ಒಂದು ಪದರ ಬಟ್ಟೆ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. "ಸಲಕ್ಕ ಮೂರ್ಮೂರು ಪದರ ಮಾಡಿದ್ರೂ ಅಷ್ಟರಿ. ಇಪ್ಪತ್ತೇಳು, ಒಂಬತ್ತು, ಮೂರು, ಆಮ್ಯಾಲ ಒಂದ. ಮಡಚಲಿಲ್ಲಂದ್ರ ಬಟ್ಟಿ ಎಲ್ಲಿ ಹೋಗ್ತದ?" ಎನ್ನುತ್ತ ಅವರು ಬೈಕಿನ ಕೀಲಿ ತೆಗೆದುಕೊಂಡರು. ನನ್ನ ಮೈ ಜುಮ್ಮೆಂದಿತು. ಎರಡಿರಲಿ, ಮೂರಿರಲಿ, ಸಾವಿರವಿರಲಿ, ಎಲ್ಲ ಸಂಖ್ಯೆಗಳೂ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಆ ಒಂದೇ ಪದರಕ್ಕೆ ಬಂದು ನಿಲ್ಲುತ್ತವೆ. ಗುಣಿಸದೆ ಬಿಟ್ಟರೆ ಏನೂ ಇಲ್ಲವಾಗುವುದಿಲ್ಲ, ಗುಣಿಸುವ ಮೊದಲು ಇದ್ದದ್ದು ಇದ್ದೇ ಇರುತ್ತದೆ. ಹೆಂಡತಿಯ ಸೀರೆ ಕಳೆದಿರುವಾಗ ಇಷ್ಟು ಬೆರಗಾಗುವುದು ತಪ್ಪೇ ಇರಬಹುದು. ಆದರೂ ಆದೆ.

ದಾರಿಯುದ್ದಕ್ಕೂ ಸಾಬರು ನನಗೆ ಧೈರ್ಯ ಹೇಳಿದ ರೀತಿ ಹೀಗಿತ್ತು: "ಲಿಂಗಸುಗೂರಾಗ ಆಕಿ ಬಸ್ಸು ಬದಲಾಸ್ತಾಳ. ಖಾಲಿ ಕುಂದರಾಂಗಿಲ್ಲರಿ, ಬಸ್ಸು ಬರೂದ್ರಾಗ ಚಿಂದಿ ಎಲ್ಲಾ ಚೌಕ ಚೌಕ ಕತ್ತರಿಸಿ ಇಟ್ಟಿರ್ತಾಳ." ಅಷ್ಟೂ ದೂರ ನನ್ನ ಕಿವಿಯಲ್ಲಿ ಕತ್ತರಿಯ ಸದ್ದು.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಗಂಗವ್ವ ಕುಳಿತಿದ್ದಳು. ತೊಡೆಯ ಮೇಲೆ ಸೀರೆ, ಅಂಚಿನ ಮೇಲೆ ಬಾಯ್ತೆರೆದ ಕತ್ತರಿ. ಬೈಕು ನಿಲ್ಲುವ ಮೊದಲೇ ಇಳಿದು ಓಡಿದೆ. ಆಕೆ ತಲೆಯೆತ್ತಿದಳು. "ನಾಕ್ ಸಲ ಕತ್ರಿ ಹಚ್ಚಿ ತೆಗದೀನ್ರಿ ಸರ, ಕೈ ಬರವಲ್ದು. ನೀವು ಏನೂ ಇಲ್ಲಂದ್ರಿ. ಬಿಚ್ಚಿದ್ರ ಒಂದು ಇಡೀ ಸೀರೀನ ಐತಲ್ರಿ."

ಸೀರೆ ಸಿಕ್ಕಿತು, ಲಂಗ ಆಮೇಲಾಗಲಿ ಎಂದು ಮನೆಗೇ ತಂದಿಟ್ಟೆ. ಆದರೆ ಆರು ರಾತ್ರಿ, ಕಣ್ಣು ಮುಚ್ಚಿದರೆ ಸಾಕು, ಆ ಕತ್ತರಿ ಬಾಯಿ ಮುಚ್ಚುತ್ತಿತ್ತು. ತಡೆಯಲಾಗದೆ ಮುಂದಿನ ಗುರುವಾರ ಶಾರದಾಳಿಗೆ ಎಲ್ಲವನ್ನೂ ಹೇಳಿದೆ. "ಎಷ್ಟ ವರ್ಷಾತ್ರಿ ನೀವು ಕಲಸಾಕತ್ತಿ?" ಎಂದಳು. ಹನ್ನೊಂದು ಎಂದೆ. "ಪಾಪ, ಆ ಹುಡುಗ್ರು" ಎಂದಳು. ಅಂದು ರಾತ್ರಿ ಮಲಗಿದವನು ಬಿಸಿಲೇರುವವರೆಗೆ ನಿದ್ದೆ ಮಾಡಿದೆ. ಅವಳು ಮಾತ್ರ ಮೂರು ಸಲ ಎದ್ದು, ಅಲಮಾರಿಯಲ್ಲಿ ಸೀರೆ ಇದೆಯೇ ಎಂದು ನೋಡಿ ಬಂದಳಂತೆ.