ದೊಡ್ಡಮ್ಮನ ಪೆಟ್ರೋಲ್ ಪೈಪು

ಊರವರಿಗೆಲ್ಲ ಕನ್ನಡಕ ಮಾಡಿಕೊಟ್ಟು ಕಣ್ಣು ಕಾಣಿಸುವ ಹಾಗೆ ಮಾಡುವ ಯಜಮಾನರಿಗೆ ಸ್ವಂತ ಮನೆಯಲ್ಲಿ ಕಾಣಿಸುತ್ತಿದ್ದದ್ದು ಒಂದೇ: ಶೆಡ್ಡಿನಲ್ಲಿ ನಿಂತ ಹಳೆಯ ಕಾರು. ಹೆಸರು ದೊಡ್ಡಮ್ಮ. ದುಂಡು ಬೆನ್ನು, ಅಗಲ ಮುಖ, ಒಮ್ಮೆ ಕೂತರೆ ಏಳಲು ನೂರೆಂಟು ಗೊಣಗಾಟ. ಬೇರೆ ಹೆಸರಿಡುವುದಾದರೂ ಹೇಗೆ? (ಯಜಮಾನರ ಸ್ವಂತ ದೊಡ್ಡಮ್ಮನಿಗೆ ಇದು ತಿಳಿದು, ಅವರು ಒಂದು ವರ್ಷ ಈ ಮನೆಯ ನೀರು ಮುಟ್ಟಲಿಲ್ಲ.)

ಸಂಜೆ ಅಂಗಡಿ ಮುಚ್ಚಿ ಬಂದು ದೊಡ್ಡಮ್ಮನ ಸ್ಟೀರಿಂಗ್ ಹಿಡಿದರೆ ಸಾಕು, ಶೆಡ್ಡಿನ ಗೋಡೆ ಮೆಲ್ಲಗೆ ಕರಗುತ್ತಿತ್ತು. ಬೆಟ್ಟದ ತಿರುವು ಬರುತ್ತಿತ್ತು, ಮಂಜು ಬರುತ್ತಿತ್ತು, ಪಕ್ಕದ ಸೀಟಿಗೆ ಹೊಸದಾಗಿ ಮದುವೆಯಾದ ಕಾಲದ ಹೆಂಡತಿ ಬಂದು ಕೂರುತ್ತಿದ್ದಳು. (ಬೇರೆ ಯಾರನ್ನಾದರೂ ಕೂರಿಸಲು ಅವರಿಗೆ ಕನಸಿನಲ್ಲೂ ಧೈರ್ಯವಿರಲಿಲ್ಲ.) ಗಾಡಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪೈಪು ಬಿರುಕು ಬಿಟ್ಟು ತೊಟ್ಟಿಕ್ಕುತ್ತಿತ್ತು.

ಹೆಂಡತಿಗೆ ಹೊಲಿಗೆ ಕೆಲಸ. ಮಷಿನ್ ಮಂಚಕ್ಕೆ ಒತ್ತಿಕೊಂಡೇ ಇತ್ತು. ಯಜಮಾನರು ಹೊದ್ದು ಮಲಗುವುದು ಕೆಲವೊಮ್ಮೆ ಕಂಬಳಿಯನ್ನು, ಕೆಲವೊಮ್ಮೆ ಗಿರಾಕಿಗಳ ಕೋಟನ್ನು. ಒಂದು ದಿನ ಆಕೆ ಹೇಳಿಯೇ ಬಿಟ್ಟಳು.

"ರೀ, ಆ ಶೆಡ್ಡು ನನಗೆ ಬೇಕು. ಮಷಿನ್ ಅಲ್ಲಿಡ್ತೀನಿ."

"ದೊಡ್ಡಮ್ಮ ಎಲ್ಲಿಗೆ ಹೋಗ್ಬೇಕು?"

"ಗುಜರಿಗೆ."

"ಪೈಪ್ ಒಂದು ಸರಿಹೋದ್ರೆ ಕುದುರೆ ಥರ ಓಡ್ತಾಳೆ ಕಣೇ."

"ಹಾಗಾದ್ರೆ ಭಾನುವಾರ ಶಾಲೆ ಗೇಟಿನ ತನಕ ಹೋಗಿ, ಯಾರ ಸಹಾಯನೂ ಇಲ್ದೆ ವಾಪಸ್ ಬನ್ನಿ. ಬಂದ್ರೆ ಶೆಡ್ಡು ನಿಮ್ದು. ಇಲ್ಲಾಂದ್ರೆ ನನ್ದು."

ಮಹಾಕಾರ್ಯ ಶುರುವಾಯಿತು. ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ, "ಒಲೆಯಿಂದ ದೂರ ಇಡು" ಎಂದು ಹೆಂಡತಿಯ ಕೈಗೆ ಕೊಟ್ಟರು. ಗಾಡಿಯಡಿ ನುಸುಳಿ ಹಳೆಯ ಪೈಪು ಕಿತ್ತರು. ಹೊಸದನ್ನು ಕತ್ತರಿಸಿ, ಬಾಯಿಟ್ಟು ಊದಿ ನೋಡಿ, ತೂರಿಸಿ, ಕ್ಲಿಪ್ಪು ಬಿಗಿ ಮಾಡತೊಡಗಿದರು. ತಣ್ಣನೆಯ ನೆಲ, ಪೆಟ್ರೋಲಿನ ಹಿತವಾದ ವಾಸನೆ. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಬೆಟ್ಟ ಇಳಿದಾಗಿತ್ತು. ಎರಡನೆಯ ಸುತ್ತಿಗೆ ಸಮುದ್ರದ ಗಾಳಿ ಮುಖಕ್ಕೆ ಬಡಿಯಿತು.

ಆ ಗಾಳಿಯ ನಡುವೆ ಎರಡು ಕಾಲು ಗಾಡಿಯ ಸುತ್ತ ಓಡಾಡುವುದು ಕಾಣಿಸಿತು. ಹೆಂಡತಿ, ಕೈಯಲ್ಲಿ ಅಳತೆ ಟೇಪು.

"ಜೀವ ಹೋಗೋ ಮುಂಚೇನೇ ಜಾಗದ ಅಳತೆ ತಗೋತಿದೀಯಲ್ಲೇ."

"ಮೊದ್ಲೇ ತಗೊಂಡ್ರೆ ಆಮೇಲೆ ಗಡಿಬಿಡಿ ಇರಲ್ಲ."

ಯಜಮಾನರಿಗೆ ನಿಜಕ್ಕೂ ದುಃಖವಾಯಿತು. ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಎಂಜಿನ್ ಬೇಗ ಏಳಲಿ ಎಂದು ಶೆಡ್ಡಿನ ಸೀಸೆಯಲ್ಲಿ ಉಳಿದಿದ್ದ ಎರಡು ಗುಟುಕು ಪೆಟ್ರೋಲನ್ನು ಕಾರ್ಬುರೇಟರಿಗೆ ಕುಡಿಸಿದರು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ಏನೂ ಮರೆತಿಲ್ಲ ತಾನೇ?"

"ಮರೆಯೋಕೆ ನಾನೇನು ಚಿಕ್ಕ ಮಗುನಾ?"

ದೊಡ್ಡಮ್ಮ ಕೆಮ್ಮಿದಳು, ನಡುಗಿದಳು, ಹೊರಟೇಬಿಟ್ಟಳು. ಯಜಮಾನರ ಕಣ್ಣು ತುಂಬಿ ಬಂತು. ಎರಡೂ ಕಡೆಯ ಮನೆಗಳು ಮಂಜಿನಂತೆ ಹಿಂದೆ ಸರಿದವು. ನಾಲ್ಕು ಮನೆ ಸರಿದವು. ಐದನೆಯದು ಸರಿಯಲಿಲ್ಲ.

ಅವರು ಬಾನೆಟ್ ಎತ್ತಿ ಪೈಪಿನ ಉದ್ದಕ್ಕೂ ಬೆರಳಾಡಿಸುತ್ತಿದ್ದಾಗ ಹೆಂಡತಿ ನಿಧಾನವಾಗಿ ನಡೆದು ಬಂದಳು.

"ನೋಡೇ, ಪೈಪಿಂದ ಒಂದು ಹನಿನೂ ಸೋರ್ತಿಲ್ಲ" ಎಂದರು ಯಜಮಾನರು, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ.

"ಇದ್ರೆ ತಾನೇ ಸೋರೋದು" ಎಂದು ಆಕೆ ಕ್ಯಾನ್ ಮೇಲೆತ್ತಿ ತೋರಿಸಿದಳು.

ಪಂದ್ಯ ಅಲ್ಲಿಗೆ ಮುಗಿಯಿತು. ಪೆಟ್ರೋಲ್ ಕುಡಿದ ದೊಡ್ಡಮ್ಮ ಗೊಣಗದೆ ಮನೆಗೆ ಬಂದು, ಶೆಡ್ಡು ಬಿಟ್ಟು ಅಂಗಳದಲ್ಲಿ ನಿಂತಳು. ಅವಳನ್ನು ಗುಜರಿಯವನ ಕೈಗೆ ಹೇಗೆ ಒಪ್ಪಿಸುವುದೆಂದು ಯಜಮಾನರು ತಲೆ ತಗ್ಗಿಸಿ ಕೂತಿದ್ದಾಗ ಹೆಂಡತಿ ಒಂದು ದೊಡ್ಡ ಗಂಟು ತಂದು ಬಿಚ್ಚಿದಳು. ಮಳೆ ತಡೆಯುವ ದಪ್ಪ ಬಟ್ಟೆಯ ಹೊದಿಕೆ. ದುಂಡು ಬೆನ್ನಿಗೆ ಒಂದು ಸುಕ್ಕಿಲ್ಲದೆ ಕೂತಿತು. ಕನ್ನಡಿಗಳಿಗೆ ಎರಡು ಚೀಲ, ಡ್ರೈವರ್ ಬಾಗಿಲಿಗೆ ಬೇರೆ ಪರದೆ, ಅದಕ್ಕೆ ಸಾಲು ಗುಂಡಿ.

"ಅವತ್ತು ಅಳತೆ ತಗೊಂಡಿದ್ದು ಇದಕ್ಕಾ?"

"ಮತ್ತೆ?"

"ನಾನು ಗೆದ್ದಿದ್ರೆ?"

"ನಿಮ್ಮನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು ರೀ" ಎಂದಷ್ಟೇ ಹೇಳಿದಳು.

ಯಜಮಾನರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಸಂಜೆ ಪರದೆ ಸರಿಸಿ ಒಳಗೆ ಕೂತರು. ಶೆಡ್ಡಿನಿಂದ ಮಷಿನ್ನಿನ ಸದ್ದು ಒಳ್ಳೆಯ ಎಂಜಿನ್ನಿನ ಹಾಗೆ ಬರುತ್ತಿತ್ತು. ಬೆಟ್ಟದ ತಿರುವು ಬಂತು, ಮಂಜು ಬಂತು. ಪಕ್ಕದ ಸೀಟಿಗೆ ಬರಬೇಕಾದವಳು ಮಾತ್ರ ಹೊರಗೆ ಬಂದು ನಿಂತು ಪರದೆಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಿದ್ದಳು. ಗುಂಡಿಗಳೆಲ್ಲ ಹೊರಗಡೆಯೇ ಇವೆ ಎಂಬುದು ಯಜಮಾನರಿಗೆ ಹೊಳೆದದ್ದು ಕೊನೆಯದನ್ನು ಹಾಕಿದ ಮೇಲೆ.

"ಲೇ, ನಾನು ಹೊರಗೆ ಬರೋದು ಹೇಗೆ?"

"ಒಂದು ಕೋಟು ಅರ್ಜೆಂಟಿದೆ, ಮುಗಿಸಿ ಬಂದು ಬಿಚ್ತೀನಿ. ಅಲ್ಲೀತನಕ ಎಲ್ಲಿಗೆ ಬೇಕಾದ್ರೂ ಹೋಗ್ಬನ್ನಿ."