ಬುಟ್ಟಿಯಲ್ಲಿ ವಾಪಸ್ ಬಂದ ಗೊಬ್ಬರ

"ಈ ಸಲ ನನ್ನ ಗಾಂಜಾ ಗಿಡ ನೋಡೋಕೆ ಇಡೀ ರಿಫ್ ಬೆಟ್ಟವೇ ಕತ್ತೆತ್ತಬೇಕು!" ಮೀಮೂನ್ ಮೀಸೆ ತಿರುವಿ ಘೋಷಿಸಿದ.

"ಸರ್ಕಾರ ಲೈಸೆನ್ಸ್ ಕೊಟ್ಟಿರೋದು ಔಷಧಿಗೆ ಬೆಳೆಯೋಕೆ, ನಿಮ್ಮ ಮೀಸೆಗಲ್ಲ," ಅಂದಳು ಹೆಂಡತಿ ಯಾಮ್ನಾ, ರೊಟ್ಟಿ ತಟ್ಟುತ್ತಾ. "ಮಾವ ಬಿಟ್ಟುಹೋದ ಬೀಜದಲ್ಲಿ ಮೊಳೆತಿದ್ದೇ ಹನ್ನೆರಡು. ಇವು ಬೀಜ ಕಟ್ಟದಿದ್ರೆ ಆ ತಳಿ ಇಲ್ಲಿಗೇ ಮಣ್ಣಾಯ್ತು. ಸುಮ್ನೆ ನೀರು ಹಾಕಿ. ಮಾವನೂ ಅದನ್ನೇ ಹೇಳ್ತಿದ್ರು."

ಸುಮ್ಮನಿರುವ ಜಾಯಮಾನವೇ ಅವನದು! ಪಾರಿವಾಳದ ಹಿಕ್ಕೆ ಕೆರೆದು ತಂದು, ದಿನಾ ಬೆಳಗಿನ ಮಂಜಿನಲ್ಲಿ ಟೊಪ್ಪಿಗೆಯ ನಿಲುವಂಗಿ ಹೊದ್ದು, ಹೆಂಡತಿಗೆ ಗೊತ್ತಾಗದ ಹಾಗೆ ಹನ್ನೆರಡೂ ಗಿಡಗಳ ಬುಡಕ್ಕೆ ಸುರಿದ.

ಎಲೆಗಳು ಮೊದಲು ಕಪ್ಪನೆಯ ಹಸಿರಾದವು. ತಿಂಗಳಾಗುವಷ್ಟರಲ್ಲಿ ಎಲೆಯ ಬೆರಳುಗಳೆಲ್ಲ ಕೆಳಕ್ಕೆ ಮಡಚಿ, ಮಣ್ಣೊಳಗಿನ ಯಾರನ್ನೋ ಮೇಲಕ್ಕೆಳೆಯುವ ಉಗುರುಗಳ ಹಾಗೆ ಕಂಡವು. ಒದ್ದೆ ನೆಲದಲ್ಲಿ ತನ್ನದಲ್ಲದ ಹೆಜ್ಜೆಗಳು ಬೇರೆ! ಎಡಗಾಲು ಎಳೆದ ಗುರುತು. ತೀರಿಹೋದ ಅಪ್ಪ ಹಾಗೇ ನಡೆಯುತ್ತಿದ್ದ.

ಮರುದಿನ ಮಂಜಿನಲ್ಲಿ, ತಲೆ ಮುಚ್ಚಿದ ಬಿಳಿ ಆಕೃತಿಯೊಂದು ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮಣ್ಣಿಗೆ ಏನೋ ಪಿಸುಗುಡುತ್ತಿತ್ತು.

"ಅಪ್ಪಾ!" ಎಂದು ಕಿರುಚಿದ.

ಆಕೃತಿ ತಿರುಗಿ ನೋಡಿ, ಅವನಿಗಿಂತ ಜೋರಾಗಿ "ಮಾವಾ!" ಎಂದು ಕಿರುಚಿತು.

ಯಾಮ್ನಾ! ಕೈಯಲ್ಲಿ ಮೇಕೆ ಹಿಕ್ಕೆಯ ಬಕೆಟ್ಟು.

"ಅಯ್ಯೋ, ನೀನೂ ಹಾಕ್ತಿದ್ಯೇನೇ?"

"ಮತ್ತೇನು, ನಿಮ್ಮ ಕೈಗುಣ ನಂಬ್ಕೊಂಡು ಕೂರ್ಲಾ? ದಿನಾ ಪ್ರಾರ್ಥನೆ ಹೇಳ್ಕೊಂಡೇ ಹಾಕ್ತಿದ್ದೆ!"

ಇಬ್ಬರೂ ಬಿದ್ದಂಬೀಳ ಗೊಬ್ಬರ ಕೆರೆಯತೊಡಗಿದರು. ಹತ್ತು ಗಿಡಗಳ ಬೇರು ಆಗಲೇ ಇಬ್ಬರ ಗೊಬ್ಬರದ ಕಾವಿಗೆ ಸುಟ್ಟುಹೋಗಿತ್ತು. ಯಾಮ್ನಾ ಅಳುವುದೊಂದು ಬಾಕಿ. ಗೋಡೆ ಬದಿಯ ಎರಡು ಮಾತ್ರ ಬಡಕಲಾಗಿ, ತಿಳಿಹಸಿರಾಗಿ ನಿಂತಿದ್ದವು. ಒಂದು ಗಂಡು, ಪರಾಗವೆಲ್ಲ ಉದುರಿಸಿ ಮುಗಿಸಿತ್ತು. ಇನ್ನೊಂದು ಹೆಣ್ಣು, ಮೈತುಂಬಾ ಎಳೆಬೀಜ! ಅವುಗಳ ಬುಡದಲ್ಲಿ ಗೊಬ್ಬರದ ಸುಳಿವೇ ಇಲ್ಲ. ಯಾರೋ ಬೆರಳಲ್ಲಿ ಕೆದಕಿ ತೆಗೆದು, ಮಣ್ಣು ಸವರಿದ್ದರು.

"ನೀನಾ ತೆಗೆದಿದ್ದು?"

"ನೀವಲ್ವಾ?"

ಇಬ್ಬರೂ ಮನೆಗೆ ಓಡಿದರು. ತೊಲೆಗೆ ನೇತುಹಾಕಿದ್ದ ಅಪ್ಪನ ಹುಲ್ಲುಬುಟ್ಟಿ ಹೊಸ್ತಿಲ ಮೇಲೆ ಕೂತಿತ್ತು. ಒಳಗೆ ಪಾರಿವಾಳದ್ದೂ ಮೇಕೆಯದೂ ಬೆರೆತ ಹಿಕ್ಕೆ, ಅಂಚಿನವರೆಗೆ. ಅಂಗಳದಲ್ಲಿ ಎಡಗಾಲು ಎಳೆದ ಒದ್ದೆ ಹೆಜ್ಜೆಗಳು ಹೊಲದ ಕಡೆಗೆ ಹೋಗಿದ್ದವು.

ಮೀಮೂನನ ಮೀಸೆ ಜೋತುಬಿತ್ತು. ಯಾಮ್ನಾ ಟೊಪ್ಪಿಗೆ ಸರಿಸಿ, ಬುಟ್ಟಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು: "ಬದುಕಿದ್ದಾಗ್ಲೂ ಮಾವ ನೀವು ಮಾಡಿದ ಕೆಲಸನೆಲ್ಲ ಸರಿಯಿಲ್ಲ ಅಂತ ಹೀಗೇ ತಾನೇ ವಾಪಸ್ ಕೊಡ್ತಿದ್ದಿದ್ದು!"